ಚೆನ್ನಿಯನ್ನು ಕೊಟ್ಟ ಮನೆ

ವಿನೋಬನಗರ, ದಾವಣಗೆರೆ
3-6-1963

ಬೀಗತಿ ಉಡಚಮ್ಮನವರಿಗೆ ಭರಮಣ್ಣನ ನಮಸ್ಕಾರಗಳು.

ನಾವು ಇಲ್ಲಿ ಚೆನ್ನಾಗಿದ್ದೇವೆ. ಮದುವೆಯಾಗಿ ಎರಡು ತಿಂಗಳಿಗೇ ಹೆಣ್ಣಿನ ತಂದೆ ಕಾಗದ ಬರೆದಿದ್ದಾನಲ್ಲ, ಏನು ತಕರಾರೋ ಎಂದು ಗಾಬರಿಯಾಗಬೇಡಿ. ಇದು ನಿಮ್ಮ ಸೊಸೆ ಅಂಜಿನವ್ವನ ವಿಷಯವಲ್ಲ. ನನ್ನ ಮನೆಯಲ್ಲಿ ಇನ್ನೊಬ್ಬಳಿದ್ದಾಳೆ, ಅವಳಿಗೂ ಒಂದು ಒಳ್ಳೆಯ ಮನೆ ನೋಡಬೇಕಾಗಿದೆ. ಹೆಸರು ಚೆನ್ನಿ. ನಾಯಿ.

ನಗಬೇಡಿ. ನಿಮಗೆ ಇದನ್ನು ಓದಿ ಹೇಳುತ್ತಿರುವವಳು ಅಂಜಿನವ್ವನೇ ಆದ್ದರಿಂದ ಅವಳಂತೂ ಈಗಾಗಲೇ ನಗುತ್ತಿರುತ್ತಾಳೆ. ಮದುವೆಯ ಚಪ್ಪರ ಬಿಚ್ಚಿದ ವಾರದಲ್ಲಿ ಚೆನ್ನಿ ನಮ್ಮ ಮನೆಗೆ ಬಂದಳು. ದೊಡ್ಡ ಹತ್ತಿ ವ್ಯಾಪಾರಿಯೊಬ್ಬರ ಅಂಗಳ ಕಾಯುತ್ತಿದ್ದವಳು. ಅವರು ಊರು ಬಿಟ್ಟು ಹೋದರು, ಇವಳು ನನ್ನ ಪಾಲಿಗೆ ಉಳಿದಳು. ಕಪ್ಪು ಬಣ್ಣ, ವಯಸ್ಸು ನಾಲ್ಕೋ ಐದೋ ಇರಬಹುದು. ನಿಂತರೆ ನನ್ನ ಸೊಂಟಕ್ಕೆ ಬರುತ್ತಾಳೆ. ಕುತ್ತಿಗೆಯ ಸುತ್ತ ಕೂದಲು ಸ್ವಲ್ಪ ಉದುರಿದೆ, ಅದು ಬೇಸಿಗೆಯ ಸೆಕೆಗೆ. ಮಕ್ಕಳನ್ನು ಕಂಡರೆ ಬಾಲ ಅಲ್ಲಾಡಿಸುತ್ತಾಳೆ. ಬೆಕ್ಕನ್ನು ಕಂಡರೆ ಸೇರುವುದಿಲ್ಲ, ಪೋಸ್ಟಿನವನನ್ನು ಕಂಡರೂ ಸೇರುವುದಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿಬಿಡುವುದು ನನ್ನ ಸ್ವಭಾವ.

ನಮ್ಮ ಮನೆಯ ಮಾಲೀಕ ಕೆಂಚಣ್ಣ ಮೊನ್ನೆ ಬಾಗಿಲಲ್ಲಿ ನಿಂತು, "ನಾಯಿ ಇರಬೇಕು, ಇಲ್ಲಾ ನೀವಿರಬೇಕು. ಈ ತಿಂಗಳೊಳಗ ಯಾವುದಾರ ಒಂದು ಮಾಡ್ರಿ" ಎಂದು ಹೇಳಿ ಹೋದ. ಒಂದೇ ಗೋಡೆಯ ಆಚೆ ಈಚೆ ನಾಲ್ಕು ಸಂಸಾರ ಇರುವ ಜಾಗ, ಅವನ ಮಾತಿನಲ್ಲೂ ತಪ್ಪಿಲ್ಲ. ಹರಿಹರದಲ್ಲಿ ನಿಮಗೆ ಗೊತ್ತಿಲ್ಲದ ಮನೆಯಿಲ್ಲ. ಜಾಗ ಇರುವ, ಹೊಟ್ಟೆಗೆ ಹಾಕುವ ಮನೆ ನೋಡಿ ಹೇಳಿ. ಮನೆ ನೋಡದೆ ಹೆಣ್ಣು ಕೊಡುವವನು ನಾನಲ್ಲ. ನಿಮ್ಮ ಮನೆಯನ್ನೇ ಮೂರು ಸಲ ನೋಡಲು ಬಂದಿದ್ದು ನಿಮಗೆ ಮರೆತಿರಲಾರದು.

ಇಂತಿ,
ಭರಮಣ್ಣ


ಹರಿಹರ
11-6-1963

ಬೀಗರಿಗೆ ಉಡಚಮ್ಮ ಹೇಳಿ ಬರೆಸುವುದು.

ನನಗೆ ಅಕ್ಷರ ಬಾರದು ಎಂಬುದು ನಿಮಗೆ ಗೊತ್ತಿದ್ದದ್ದೇ. ಬರೆಯುತ್ತಿರುವವಳು ನಿಮ್ಮ ಮಗಳು. ನಾನು ಹೇಳಿದ್ದನ್ನು ಶಾಲೆಯ ಕನ್ನಡಕ್ಕೆ ತಿದ್ದಿ ಬರೆಯುತ್ತಾಳೆ. ಮಾತು ನನ್ನದು, ಕನ್ನಡ ಅವಳದು.

ನಿಮ್ಮ ಎರಡನೇ ಮಗಳಿಗೆ ಗಂಡಿನ ಮನೆ ಹುಡುಕಿದೆ. ಸ್ಟೇಷನ್ ಎದುರಿನ ಹೋಟೆಲಿನವನು ಮರಿಯಾದರೆ ಕೊಡಿ, ಬೆಳೆದದ್ದು ಬೇಡ ಎಂದ. ಅಕ್ಕಿ ಗಿರಣಿಯವರು ತೂಕ ಎಷ್ಟು ಎಂದು ಕೇಳಿದ ರೀತಿ ನನಗೆ ಹಿಡಿಸಲಿಲ್ಲ. ಹೊಳೆದಂಡೆಯ ಮಸ್ತಾನಸಾಬರು ಒಳ್ಳೆಯ ಮನುಷ್ಯ, ಬೇಕು ಎಂದರು. ಆದರೆ ಅವರ ಹಿತ್ತಲ ತುಂಬ ಕೋಳಿ. ಬೆಕ್ಕನ್ನು ಬಿಡದವಳು ಕೋಳಿಯನ್ನು ಬಿಡುತ್ತಾಳೆಯೇ?

ಊರೆಲ್ಲ ತಿರುಗಿ ಮನೆಗೆ ಬಂದು ಕುಳಿತಾಗ ನನ್ನ ಮಗ ನಿಂಗಪ್ಪ, "ನಮ್ಮ ತೋಟಕ್ಕ ಏನಾಗೈತೆ, ಇಲ್ಲೇ ಇರ್ಲಿ ಬಿಡವ್ವ" ಎಂದ. ಅವನು ಸಾಮಾನ್ಯವಾಗಿ ಬುದ್ಧಿಯ ಮಾತಾಡುವವನಲ್ಲ, ಇದು ಯಾರು ಹೇಳಿಕೊಟ್ಟದ್ದೋ. ನಿಮ್ಮ ಮಗಳು ಇಲ್ಲಿ ತಲೆ ತಗ್ಗಿಸಿಕೊಂಡು ಬರೆಯುತ್ತಿದ್ದಾಳೆ. ಬಾಳೆಗೊನೆ ಬಲಿಯುವ ಹೊತ್ತಿಗೆ ಸರಿಯಾಗಿ ಕಳ್ಳರು ಬರುತ್ತಾರೆ, ನಮಗೂ ಒಂದು ನಾಯಿ ಬೇಕೇ ಇತ್ತು. ಕಳಿಸಿಕೊಡಿ. ಮನೆ ನೋಡಲು ಮತ್ತೆ ಬರುವ ಕಷ್ಟ ತೆಗೆದುಕೊಳ್ಳಬೇಡಿ. ಒಂದು ಹೆಣ್ಣು ಕೊಟ್ಟ ಮನೆಗೆ ಇನ್ನೊಂದು ಕೊಡುವುದಕ್ಕೆ ಇಷ್ಟೆಲ್ಲ ವಿಚಾರ ಮಾಡುತ್ತಾರೆಯೇ?

ಉಡಚಮ್ಮ


ದಾವಣಗೆರೆ
15-6-1963

ಬೀಗತಿಯವರಿಗೆ ನಮಸ್ಕಾರಗಳು.

ನಿಮ್ಮ ಕಾಗದ ಓದಿ ಎದೆಯ ಮೇಲಿನ ಕಲ್ಲು ಇಳಿಸಿದಂತಾಯಿತು. ಬರುವ ಶುಕ್ರವಾರ ನಮ್ಮ ಹತ್ತಿ ಮಾರುಕಟ್ಟೆಯಿಂದ ಹಿದಾಯತ್‌ನ ಲಾರಿ ನಿಮ್ಮೂರ ಮೇಲೆ ಹೋಗುತ್ತದೆ. ಅದರಲ್ಲಿ ಚೆನ್ನಿಯನ್ನು ಕೂರಿಸುತ್ತೇನೆ. ಜೊತೆಗೆ ಅವಳ ತಟ್ಟೆ, ಮಲಗುವ ಗೋಣಿತಾಟು, ಒಂದು ಸೇರು ಜೋಳದ ಹಿಟ್ಟು. ಹಿಟ್ಟು ಬೇಡ, ಬೀಗರು ಏನೆಂದುಕೊಂಡಾರು ಎಂದೆ. ನಮ್ಮ ಮನೆಯವಳು ಕೊಟ್ರವ್ವ ಕೇಳಲಿಲ್ಲ. ಮುದ್ದೆ ಮಾಡಿ ಮಜ್ಜಿಗೆ ಕಲಸಿ ಹಾಕಿದರೆ ಅದಕ್ಕಿಂತ ಹೆಚ್ಚಿನದನ್ನು ಚೆನ್ನಿ ಕೇಳುವುದಿಲ್ಲ. ಅವಳೂ ನನ್ನ ಮಗಳೇ ಎಂದು ತಿಳಿದು ನೋಡಿಕೊಳ್ಳಿ.

ನಾನೇ ಕರೆದುಕೊಂಡು ಬರಬಹುದಿತ್ತು. ಬಂದರೆ ನೀವು ಊಟಕ್ಕೆ ಏಳಿ ಎನ್ನುತ್ತೀರಿ. ನಮ್ಮ ಮನೆತನದಲ್ಲಿ ಮಗಳಿಗೆ ಮಗುವಾಗುವ ತನಕ ತಂದೆಯಾದವನು ಅವಳ ಮನೆಯ ಅನ್ನ ಮುಟ್ಟುವಂತಿಲ್ಲ. ನಮ್ಮಪ್ಪನೂ ಮುಟ್ಟಲಿಲ್ಲ, ನನ್ನ ಮಾವನೂ ಮುಟ್ಟಲಿಲ್ಲ. ಎಲೆ ಹಾಕಿದ ಮೇಲೆ ಎದ್ದು ಬರುವುದು ನಿಮಗೂ ಚಂದವಲ್ಲ, ನನಗೂ ಚಂದವಲ್ಲ. ಆದ್ದರಿಂದ ದೂರದಿಂದಲೇ ಕೈಮುಗಿಯುತ್ತೇನೆ.

ಭರಮಣ್ಣ


ಹರಿಹರ
22-6-1963

ಬೀಗರಿಗೆ ಉಡಚಮ್ಮ ಹೇಳಿ ಬರೆಸುವುದು.

ಹೆಣ್ಣು ಬಂದು ತಲುಪಿತು. ಎಷ್ಟು ದೊಡ್ಡದನ್ನು ಕಳಿಸಿದ್ದೀರಿ ಮಾರಾಯರೇ. ಲಾರಿಯಿಂದ ಇಳಿದಾಗ ಪಕ್ಕದ ಮನೆಯ ಕಾಳವ್ವ ಎಮ್ಮೆಕರು ಬಂತು ಎಂದುಕೊಂಡು ನೋಡಲು ಬಂದಿದ್ದಳು. ಅಂಜಿನವ್ವ ಹೊಸ್ತಿಲಲ್ಲಿ ನೀರು ಇಳಿಸಿ ಒಳಗೆ ಕರೆದುಕೊಂಡಳು. ಸೊಸೆಯನ್ನು ತುಂಬಿಸಿಕೊಳ್ಳುವಾಗ ನಾನು ಮಾಡಿದ್ದನ್ನು ಹಾಗೆಯೇ ಮಾಡಿ ತೋರಿಸಿದಳು. ನಾನು ನಕ್ಕು ನಕ್ಕು ಕೆಮ್ಮಿದೆ.

ನಿಂಗಪ್ಪ ಪೇಟೆಗೆ ಹೋಗಿ ಹೊಸ ಸರಪಳಿ ತಂದಿದ್ದಾನೆ. ಗಟ್ಟಿಯಾದದ್ದು, ಹಿತ್ತಾಳೆಯ ಕೊಂಡಿ ಇರುವಂಥದ್ದು. ಸೊಸೆಗೆ ಸರ ಹಾಕಿ ಕರೆದುಕೊಂಡ ಮನೆ ಇದು, ಇವಳ ಕೊರಳನ್ನೂ ಬರಿದಾಗಿ ಬಿಡುವುದಿಲ್ಲ. ಈ ಕಾಗದ ಮುಗಿಸಿ ತೋಟದ ಮಾವಿನ ಮರಕ್ಕೆ ಕಟ್ಟುತ್ತೇವೆ. ನಾಲ್ಕು ದಿನ ಜಾಗ ರೂಢಿಯಾದರೆ ಆಮೇಲೆ ತಾನೇ ಇರುತ್ತಾಳೆ.

ಉಡಚಮ್ಮ


ದಾವಣಗೆರೆ
28-6-1963

ಬೀಗತಿಯವರಿಗೆ ನಮಸ್ಕಾರ.

ಕಾಗದ ತಲುಪಿತು. ಚೆನ್ನಿ ಹೇಗಿದ್ದಾಳೆ, ಏನು ತಿನ್ನುತ್ತಾಳೆ, ಎಲ್ಲಿ ಮಲಗುತ್ತಾಳೆ, ದಯಮಾಡಿ ವಿವರವಾಗಿ ಬರೆಸಿ. ಇಲ್ಲಿ ಹೇಳುವಂಥದ್ದು ಏನೂ ಇಲ್ಲ.

ಭರಮಣ್ಣ


ಹರಿಹರ
3-7-1963

ಬೀಗರಿಗೆ ಉಡಚಮ್ಮ ಹೇಳಿ ಬರೆಸುವುದು.

ಕೇಳಿದ್ದೀರಿ, ಬರೆಸುತ್ತಿದ್ದೇನೆ. ಚೆನ್ನಿ ತೋಟಕ್ಕೆ ಚೆನ್ನಾಗಿ ಹೊಂದಿಕೊಂಡಿದ್ದಾಳೆ. ಬೆಳಿಗ್ಗೆ ಒಂದು ಮುದ್ದೆ, ಸಂಜೆ ಒಂದು ಮುದ್ದೆ ತಿನ್ನುತ್ತಾಳೆ. ಮೈ ತುಂಬಿಕೊಂಡಿದ್ದಾಳೆ. ಮಾವಿನ ಮರದ ಕೆಳಗೆ ಮಲಗುತ್ತಾಳೆ. ನಿಂಗಪ್ಪ ಸೈಕಲ್ಲಿನಲ್ಲಿ ಬಂದರೆ ಬೇಲಿಯ ತನಕ ಓಡಿ ಹೋಗುತ್ತಾಳೆ. ಚೆನ್ನಿ ಇಲ್ಲಿ ಸುಖವಾಗಿದ್ದಾಳೆ.

ನಿಮ್ಮ ಮಗಳು ಅಂಜಿನವ್ವ ಕೂಡ ಇಲ್ಲಿ ಸುಖವಾಗಿದ್ದಾಳೆ. ಅವಳ ಚಿಂತೆ ಮಾಡಬೇಡಿ.

ಉಡಚಮ್ಮ


ದಾವಣಗೆರೆ
6-7-1963

ಬೀಗತಿ ಉಡಚಮ್ಮನವರಿಗೆ,

ಮೂರನೇ ತಾರೀಖಿನ ನಿಮ್ಮ ಕಾಗದ ಬಂತು. ಮಾರುಕಟ್ಟೆಯ ಶೆಡ್ಡಿನಲ್ಲಿ ಕುಳಿತು ಗಟ್ಟಿಯಾಗಿ ಓದಿದೆ. ನನ್ನ ಕಾಲ ಬಳಿ ಮಲಗಿದ್ದವಳು ತನ್ನ ಹೆಸರು ಬಂದಾಗಲೆಲ್ಲ ಕಿವಿ ನೆಟ್ಟಗೆ ಮಾಡಿದಳು. ಚೆನ್ನಿ ಇಲ್ಲಿದ್ದಾಳೆ.

ಹೋದ ತಿಂಗಳ ಕೊನೆಯ ವಾರ ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಬಿದ್ದುಕೊಂಡಿದ್ದಳು. ಹೊಟ್ಟೆಯ ತನಕ ಕೆಸರು, ಕೊರಳಲ್ಲಿ ನಿಮ್ಮ ಹಿತ್ತಾಳೆ ಕೊಂಡಿ, ಅದರಿಂದ ನೇತಾಡುವ ಒಂದು ಮೊಳ ಸರಪಳಿ. ರೈಲು ಹಳಿಯ ಪಕ್ಕವೇ ನಡೆದು ಬಂದಿರಬೇಕು. ಕೆಂಚಣ್ಣನ ಕಣ್ಣಿಗೆ ಬೀಳದಂತೆ ಅವಳನ್ನು ಈ ಶೆಡ್ಡಿನಲ್ಲಿ ಇಟ್ಟುಕೊಂಡಿದ್ದೇನೆ. ನೀವು ಏನು ಬರೆಸುತ್ತೀರೋ ನೋಡೋಣ ಎಂದು ಆ ವಿಷಯ ಎತ್ತದೆ ಒಂದು ಕಾಗದ ಹಾಕಿದೆ. ನೀವು ಬೆಳಿಗ್ಗೆ ಒಂದು ಮುದ್ದೆ, ಸಂಜೆ ಒಂದು ಮುದ್ದೆ ಎಂದು ಬರೆಸಿದಿರಿ.

ಬೀಗತಿಯವರೇ, ನಾಯಿಯ ವಿಷಯದಲ್ಲಿ ಸುಳ್ಳು ಹೇಳಿದಿರೆಂದು ನನಗೆ ಸಿಟ್ಟಿಲ್ಲ. ತಪ್ಪಿಸಿಕೊಂಡಿತು ಎಂದು ಹೇಳಲು ನಿಮಗೆ ಸಂಕೋಚವಾಗಿರಬಹುದು. ನನ್ನ ಸಂಕಟ ಬೇರೆ. ಆ ಕಾಗದದಲ್ಲಿ ಚೆನ್ನಿ ಸುಖವಾಗಿದ್ದಾಳೆ ಎಂದು ಒಂದು ಮಾತಿದೆ. ಅದರ ಕೆಳಗೇ ಅಂಜಿನವ್ವ ಸುಖವಾಗಿದ್ದಾಳೆ ಎಂದು ಇನ್ನೊಂದು ಮಾತಿದೆ. ಎರಡೂ ಒಂದೇ ಕೈಯ ಅಕ್ಷರ. ಆ ಕೈಹಿಡಿದು ಅಕ್ಷರ ತಿದ್ದಿಸಿದವನು ನಾನು. ಮೊದಲನೆಯದು ಸುಳ್ಳೆಂದು ನನಗೆ ಗೊತ್ತು. ಎರಡನೆಯದನ್ನು ನಾನು ಏನೆಂದು ಓದಲಿ?

ಈ ಕಾಗದವನ್ನು ನಿಮಗೆ ಓದಿ ಹೇಳುತ್ತಿರುವವಳೂ ಇದನ್ನು ಕೇಳಿಸಿಕೊಳ್ಳಲಿ. ನಿಮ್ಮ ಕಾಗದ ಓದಿದಾಗಿನಿಂದ ನನಗೆ ಅನ್ನ ಇಳಿಯುತ್ತಿಲ್ಲ.

ಭರಮಣ್ಣ


ಹರಿಹರ
15-7-1963

ಬೀಗರಿಗೆ ಉಡಚಮ್ಮ ಹೇಳಿ ಬರೆಸುವುದು.

ಅಕ್ಷರ ಬೇರೆಯಾಗಿದೆ ಎಂದು ಬೆಚ್ಚಬೇಡಿ. ಇದನ್ನು ಬರೆಯುತ್ತಿರುವವರು ಮಸ್ತಾನಸಾಬರು, ಕೋಳಿಗಳ ಮನೆಯವರು. ನಿಮ್ಮ ಮಗಳ ಅಕ್ಷರವನ್ನು ನೀವು ಇನ್ನು ನಂಬುವುದಿಲ್ಲವಲ್ಲ, ಅದಕ್ಕಾಗಿ ಅವರ ಬಳಿ ಬಂದು ಕುಳಿತಿದ್ದೇನೆ. ಇಷ್ಟು ದಿನ ಉತ್ತರ ಕೊಡದಿದ್ದದ್ದು ಸಿಟ್ಟಿನಿಂದ. ಸಿಟ್ಟು ಇನ್ನೂ ಇದೆ, ಆದರೆ ಈಗ ಮಾತಾಡುವಷ್ಟು ತಣ್ಣಗಾಗಿದ್ದೇನೆ.

ನಿಮ್ಮ ಕಾಗದವನ್ನು ಅಂಜಿನವ್ವ ಓದುತ್ತಾ ಬಂದು, ಚೆನ್ನಿ ಇಲ್ಲಿದ್ದಾಳೆ ಎಂಬಲ್ಲಿಗೆ ನಿಲ್ಲಿಸಿಬಿಟ್ಟಳು. ಮುಂದೆ ಓದು ಎಂದರೆ ಓದಲು ಆಗಲಿಲ್ಲ. ಕಾಗದವನ್ನು ಮುಖಕ್ಕೆ ಒತ್ತಿಕೊಂಡು ಅತ್ತಳು. ಉಳಿದದ್ದನ್ನು ನಿಂಗಪ್ಪ ಓದಿದ. ಅವಳು ಯಾಕೆ ಅತ್ತಳು ಎಂದು ಹೇಳುತ್ತೇನೆ, ಕೇಳಿ.

ಸರಪಳಿ ಹಾಕಿದ ಕೂಡಲೇ ಚೆನ್ನಿ ನಡುಗಲು ಶುರುಮಾಡಿದಳು. ತಟ್ಟೆ ಮುಂದಿಟ್ಟರೆ ಮೂಸಲೂ ಇಲ್ಲ. ಹೊಸ ಜಾಗ, ಸರಿಹೋಗುತ್ತದೆ ಎಂದುಕೊಂಡೆವು. ಒಂದು ಬೆಳಿಗ್ಗೆ ನೋಡಿದರೆ ಮರದಲ್ಲಿ ಅರ್ಧ ಸರಪಳಿ ಮಾತ್ರ ಇತ್ತು. ಹೊಳೆಗೆ ಹೊಸ ನೀರು ಬಂದಿದ್ದ ಸಮಯ. ಹರಿಗೋಲಿನವನೊಬ್ಬ ಕಪ್ಪಗಿನದೇನೋ ತೇಲಿಹೋಯಿತು ಎಂದ. ನಿಂಗಪ್ಪ ಸೇತುವೆಯ ತನಕ ಹೋಗಿ ಬಂದ. ನಿಮ್ಮ ಮಗಳು ಸೀರೆ ಎತ್ತಿ ಕಟ್ಟಿಕೊಂಡು, ಮೊಣಕಾಲ ತನಕ ಕೆಸರಿನಲ್ಲಿ, ಚೆನ್ನೀ ಚೆನ್ನೀ ಎಂದು ಕೂಗುತ್ತಾ ದಂಡೆಯುದ್ದಕ್ಕೂ ತಿರುಗಿದಳು. ಒಂದು ದಿನವಲ್ಲ. ದಿನಾ ಹೋಗುತ್ತಿದ್ದಳು. ಗಂಟಲು ಕಟ್ಟಿ ಮಾತೇ ಹೊರಡದಂತಾಯಿತು. ನೀರಿಗೆ ಹೋಯಿತು ಎಂದೇ ನಾವೆಲ್ಲ ತಿಳಿದೆವು. "ಅಪ್ಪಗ ಹೆಂಗ ಹೇಳ್ಲಿ ಅತ್ತಿ, ನಾನು ಇಲ್ಲಿಗೆ ಬಂದ್ಮ್ಯಾಲೆ ಅದಾ ಅಲ್ಲೇನು ಅವ್ರಿಗೆ ಮಗಳಾಗಿದ್ದು" ಎಂದಳು.

ಅಷ್ಟರಲ್ಲಿ ನಿಮ್ಮ ಕಾಗದ ಬಂತು, ಹೇಗಿದ್ದಾಳೆ ಎಂದು. ಬರೆಯಲಾರೆ ಎಂದು ಅಂಜಿನವ್ವ ಪೆನ್ನು ಕೆಳಗಿಟ್ಟಳು. ನಾನೇ ಬಲವಂತ ಮಾಡಿದೆ. ನಾಯಿ ಕೂಡ ನಿಲ್ಲದ ಮನೆಗೆ ಮಗಳನ್ನು ಕೊಟ್ಟೆನಲ್ಲ ಎಂದು ನೀವು ಕೊರಗಬಾರದು ಎಂಬುದು ನನ್ನ ಲೆಕ್ಕಾಚಾರ. ಅದೇ ಕೊರಗನ್ನು ನಾನೇ ಅಂಚೆಯಲ್ಲಿ ಕಳಿಸಿದಂತಾಯಿತು. ತಪ್ಪು ನನ್ನದು, ಒಪ್ಪಿದೆ. ನಿಮ್ಮದೂ ಇದೆ. ನಾವು ಇಲ್ಲಿ ಹೊಳೆ ನೋಡಿಕೊಂಡು ಅಳುವಾಗ ನೀವು ಅಲ್ಲಿ ನಾಯಿಯನ್ನು ಪಕ್ಕದಲ್ಲಿಟ್ಟುಕೊಂಡು ನಮ್ಮ ಪರೀಕ್ಷೆ ಮಾಡುತ್ತಿದ್ದಿರಿ. ಒಂದು ಕಾರ್ಡು ಹಾಕಿದ್ದರೆ ಆ ಹುಡುಗಿಯ ಗಂಟಲು ಉಳಿಯುತ್ತಿತ್ತು.

ಇನ್ನು ಆ ಎರಡನೆಯ ಮಾತು. ಅದರ ಬಗ್ಗೆ ನನಗೊಂದು ಸಂಗತಿ ಗೊತ್ತಿದೆ. ಹೇಳುವುದಿಲ್ಲ, ಹೇಳಿದರೆ ಇದೂ ಸುಳ್ಳೇನೋ ಎನ್ನುತ್ತೀರಿ. ನೀವೇ ಬನ್ನಿ. ಕಾಗದ ಹಾಕದೆ, ಯಾರ ಕೈಯಲ್ಲೂ ಹೇಳಿ ಕಳಿಸದೆ ಬನ್ನಿ. ಉಣ್ಣಬೇಡಿ, ನೀರೂ ಕುಡಿಯಬೇಡಿ. ಕಣ್ಣಿಂದ ನೋಡಿಕೊಂಡು ಹೋಗಿ. ಬರುವಾಗ ಚೆನ್ನಿಯನ್ನೂ ಕರೆತನ್ನಿ. ಆ ಸರಪಳಿಗೆ ಅವಳು ಯಾಕೆ ಹಾಗೆ ನಡುಗಿದಳು ಎಂಬುದಕ್ಕೂ ಉತ್ತರ ತನ್ನಿ. ಇದ್ದದ್ದು ಇದ್ದ ಹಾಗೆ ಹೇಳುವ ಸ್ವಭಾವ ನಿಮ್ಮದಲ್ಲವೇ.

ಉಡಚಮ್ಮ


ದಾವಣಗೆರೆ
2-8-1963

ಬೀಗತಿಯವರಿಗೆ ಭರಮಣ್ಣನ ನಮಸ್ಕಾರಗಳು.

ಪಂಚಮಿ ಮುಗಿಸಿಕೊಂಡು ಅಂಜಿನವ್ವ ಸುಖವಾಗಿ ಮನೆ ಸೇರಿದಳು ಎಂದು ಹಿದಾಯತ್ ಹೇಳಿದ. ಅವಳನ್ನು ಹಬ್ಬಕ್ಕೆ ಕರೆಯುವ ನೆವದಲ್ಲಿ ನಿಮ್ಮಲ್ಲಿಗೆ ಬಂದ ದಿನ ಬಾಯಿಂದ ಹೇಳಲಾಗದ್ದನ್ನು ಈಗ ಬರೆಯುತ್ತಿದ್ದೇನೆ.

ಮೊದಲು ಸರಪಳಿಯ ವಿಷಯ. ಚೆನ್ನಿ ವ್ಯಾಪಾರಿಯ ಅಂಗಳ ಕಾಯುತ್ತಿದ್ದದ್ದು ನಿಜ. ಅವರು ಊರು ಬಿಟ್ಟದ್ದೂ ನಿಜ. ಹೋಗುವಾಗ ಅವಳನ್ನು ಗೋದಾಮಿನ ಹಿಂದೆ ಮೊಳದುದ್ದದ ಸರಪಳಿಯಲ್ಲಿ ಬಿಟ್ಟು ಹೋಗಿದ್ದರು. ಎಷ್ಟು ದಿನ ಹಾಗಿದ್ದಳೋ. ನಾನು ಕೊಂಡಿ ಒಡೆದಾಗ ಕಬ್ಬಿಣ ಕೊರಳಿನ ಮಾಂಸದೊಳಗೆ ಇಳಿದಿತ್ತು. ಬೇಸಿಗೆಯ ಸೆಕೆಗೆ ಕೂದಲು ಉದುರಿದ್ದಲ್ಲ. ಇದನ್ನೆಲ್ಲ ಹೇಳಿದರೆ ಇಂಥ ನಾಯಿ ಯಾರಿಗೆ ಬೇಕು ಎನ್ನುತ್ತಾರೆಂದು ಮುಚ್ಚಿಟ್ಟೆ. ಹೆಣ್ಣಿನ ಕಡೆಯವನಲ್ಲವೇ, ಒಂದು ಕುಂದನ್ನಾದರೂ ಮುಚ್ಚಿಡುವ ಬುದ್ಧಿ ಬಂದೇ ಬಂತು. ನೀವು ಪ್ರೀತಿಯಿಂದ ತಂದ ಸರಪಳಿ ಅವಳಿಗೆ ಏನಾಗಿ ಕಂಡಿತೋ ಎಂದು ನೆನೆದರೆ ನನಗೆ ನಾಚಿಕೆಯಾಗುತ್ತದೆ.

ನಿಮ್ಮಲ್ಲಿಗೆ ಬಂದ ದಿನ ನಾನು ಚೆನ್ನಿಯನ್ನು ಲಾರಿಗೆ ಹತ್ತಿಸಲಿಲ್ಲ. ಹಗ್ಗವನ್ನೂ ಹಾಕಲಿಲ್ಲ. ಬೆಳಗಾಗುತ್ತಲೇ ಹೊರಟು ದಾರಿಯುದ್ದಕ್ಕೂ ಮಾತಾಡಿಸುತ್ತಾ ನಡೆದುಕೊಂಡೇ ಬಂದೆ. ನಿಮ್ಮ ತೋಟದ ಬೇಲಿಯ ಬಳಿ ಬಂದಾಗ ಒಳಗಿನಿಂದ ಜೋರು ದನಿ ಕೇಳಿಸಿತು. ನಾನು ಬಾಳೆಗಿಡದ ಮರೆಯಲ್ಲಿ ನಿಂತೆ. ನೀವು ನನ್ನನ್ನು ನೋಡುವುದಕ್ಕೆ ಮುಂಚೆ ನಾನು ನಿಮ್ಮನ್ನೆಲ್ಲ ನೋಡಿದ್ದೇನೆ, ಇದು ನಿಮಗೆ ಗೊತ್ತಿಲ್ಲ.

ಅಂಜಿನವ್ವ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. "ಆ ಸರಪಳಿ ಮರದಾಗಿಂದ ಬಿಚ್ಚ್ರಿ ಅಂತ ಎಷ್ಟ್ ಸಲ ಹೇಳ್ಬೇಕು ಅತ್ತಿ. ಅದನ್ನ ನೋಡಿದ್ರ ನನಗ ಮುದ್ದೆ ಇಳಿಯಂಗಿಲ್ಲ" ಎಂದು ನಿಮ್ಮನ್ನು ಗದರಿಸುತ್ತಿದ್ದಳು. ನೀವು ಕೂಡಲೇ ಎದ್ದು, "ಬಿಚ್ತೀನಿ ತಾಯಿ, ಬಾಯಿ ಮಾಡಬ್ಯಾಡ" ಎಂದು ಮರದ ಕಡೆ ಹೊರಟಿರಿ. ಪಕ್ಕದಲ್ಲಿ ನಿಂಗಪ್ಪ ನಗು ತಡೆಯಲಾರದೆ ಆಚೆ ತಿರುಗಿಕೊಂಡ.

ನನ್ನ ಮನೆಯಲ್ಲಿ ಅವಳು ಹೀಗೆ ಗದರಿದ್ದು ನನ್ನನ್ನು ಮಾತ್ರ. ಹೆದರಿದ ಹುಡುಗಿ ಅತ್ತೆಗೆ ಕೆಲಸ ಹೇಳುವುದಿಲ್ಲ. ಆ ಗದರಿಕೆ ಕೇಳಿ ನನಗೆ ಕಣ್ಣು ತುಂಬಿ ಬಂತು. ಚೆನ್ನಿ ನನಗಾಗಿ ಕಾಯಲಿಲ್ಲ. ಬೇಲಿ ನುಗ್ಗಿ ಹೋದಳು. ಅಂಜಿನವ್ವ ನೆಲದ ಮೇಲೆ ಕುಳಿತು ಅವಳ ಕೊರಳು ಹಿಡಿದುಕೊಂಡದ್ದನ್ನು ನೀವೂ ನೋಡಿದ್ದೀರಿ. ಅವಳು ದಂಡೆಯಲ್ಲಿ ಕೂಗುತ್ತಿದ್ದಾಗ ನಾನು ಸುಮ್ಮನೆ ಕುಳಿತಿದ್ದೆನಲ್ಲ, ಅದನ್ನು ನೆನೆದು ಅವತ್ತು ನನಗೆ ತಲೆ ಎತ್ತಲಾಗಲಿಲ್ಲ. ನೀವು ಅದನ್ನು ಬೇರೆ ಏನೆಂದೋ ತಿಳಿದಿರಬಹುದು.

ನೀವು ಎಲೆ ಹಾಕಿದಿರಿ, ನಾನು ಎದ್ದೆ. ಅದೊಂದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಡಿ. ಇನ್ನೊಂದು ದೂರು ಇದೆ. ಹಬ್ಬಕ್ಕೆ ಬಂದವಳು ಉಂಡೆ ತಿಂದು ಮುಗಿಸುವುದರೊಳಗೆ, ಚೆನ್ನಿಗೆ ಅತ್ತೆ ಮಜ್ಜಿಗೆ ಹಾಕುತ್ತಾರೋ ಇಲ್ಲವೋ ಎಂದು ಹೊರಡಲು ಅವಸರ ಮಾಡಿದಳು. ತವರಿನಲ್ಲಿ ಕುಳಿತು ಗಂಡನ ಮನೆಯ ನಾಯಿಯ ಚಿಂತೆ. ಕೊಟ್ರವ್ವ ಮುನಿಸಿಕೊಂಡಳು. ನಾನು ಒಳಗೊಳಗೇ ಹಿಗ್ಗಿದೆ.

ಭರಮಣ್ಣ


ಹರಿಹರ
21-8-1963

ಬೀಗರಿಗೆ ಉಡಚಮ್ಮ ಹೇಳಿ ಬರೆಸುವುದು. ಬರೆಯುತ್ತಿರುವವಳು ಮತ್ತೆ ನಿಮ್ಮ ಮಗಳೇ.

ಬಾಳೆಗಿಡದ ಮರೆಯಲ್ಲಿ ನಿಂತು ನನ್ನ ಮರ್ಯಾದೆ ಹೋಗುವುದನ್ನು ನೋಡಿದ್ದೀರಿ. ಇರಲಿ. ಆ ಸರಪಳಿಯನ್ನು ಬಾವಿಯ ಕೊಡಕ್ಕೆ ಕಟ್ಟಿದ್ದೇನೆ, ನೀರು ಸೇದಲು ಚೆನ್ನಾಗಿದೆ. ಚೆನ್ನಿಯ ಕೊರಳಿಗೆ ಅಂಜಿನವ್ವ ತನ್ನ ಹಳೆಯ ಕುಬಸದ ಬಟ್ಟೆಯನ್ನು ಸುತ್ತಿದ್ದಾಳೆ. ಚೆನ್ನಿ ರಾತ್ರಿಯೆಲ್ಲ ತೋಟ ಸುತ್ತುತ್ತಿದ್ದಳು, ಹಗಲು ನನ್ನ ಬಾಗಿಲಿಗೆ ಅಡ್ಡ ಮಲಗುತ್ತಿದ್ದಳು, ದಾಟಿ ದಾಟಿ ನನ್ನ ಮೊಣಕಾಲು ಹೋಯಿತು. ಇವಳನ್ನು ನೋಡಿದ ಮೇಲೆ ಕಳ್ಳರು ಬೇರೆ ತೋಟ ನೋಡಿಕೊಂಡಿದ್ದಾರೆ.

ಇವಳು ಮೈ ತುಂಬಿಕೊಂಡಿದ್ದಾಳೆ ಎಂದು ನಾನು ಬರೆಸಿದ ಸುಳ್ಳು ನೆನಪಿದೆಯಷ್ಟೆ. ದೇವರು ಅದನ್ನು ನಿಜ ಮಾಡಿದ. ಮೊನ್ನೆ ಸೋಮವಾರ ಮಾವಿನ ಮರದ ಕೆಳಗೆ ಚೆನ್ನಿ ಐದು ಮರಿ ಹಾಕಿದಳು. ಮೂರು ಕಪ್ಪು, ಎರಡು ಕಂದು. ಹೆರಿಗೆಗೆಂದೇ ಅವತ್ತು ತವರಿಗೆ ಓಡಿರಬೇಕು ಎಂದು ನಿಂಗಪ್ಪ ನಗುತ್ತಾನೆ. ಬಾಣಂತಿಗೆ ಕಾಳವ್ವ ಬೆಲ್ಲದ ಗಂಜಿ ತಂದು ಕೊಟ್ಟಳು. ಮಸ್ತಾನಸಾಬರು ಕೋಳಿಗಳ ಆಸೆ ಬಿಟ್ಟು ಒಂದು ಮರಿ ಈಗಲೇ ಕೇಳಿಟ್ಟಿದ್ದಾರೆ. ಮನೆ ನೋಡಿಯೇ ಕೊಡುತ್ತೇನೆ ಎಂದಿದ್ದೇನೆ.

ಈಗ ಮುಖ್ಯ ಮಾತು. ಮಗಳಿಗೆ ಮಗುವಾಗುವ ತನಕ ತಂದೆ ಅವಳ ಮನೆಯ ಅನ್ನ ಮುಟ್ಟುವಂತಿಲ್ಲ ಎಂಬುದು ನಿಮ್ಮ ಮನೆತನದ ಪದ್ಧತಿ. ಅದನ್ನು ಮುರಿಯಿರಿ ಎಂದು ನಾನು ಹೇಳುವುದಿಲ್ಲ. ಚೆನ್ನಿಯೂ ನನ್ನ ಮಗಳೇ ಎಂದು ನೀವು ಬರೆದಿದ್ದೀರಿ. ಇದು ಅವಳ ಮನೆ. ಅವಳಿಗೆ ಐದು ಮಕ್ಕಳಾಗಿವೆ. ಇನ್ನು ನಿಮಗೆ ಎದ್ದು ಹೋಗಲು ನೆವ ಉಳಿದಿಲ್ಲ. ಬರುವ ಭಾನುವಾರ ಕೊಟ್ರವ್ವನವರ ಜೊತೆ ಊಟಕ್ಕೆ ಬನ್ನಿ.

ಉಡಚಮ್ಮ

ಅಪ್ಪಾ, ಮೇಲಿನದೆಲ್ಲ ಅತ್ತೆ ಹೇಳಿದ್ದು. ಇಲ್ಲಿಂದ ಕೆಳಗೆ ನನ್ನದೇ ಮಾತು. ಹಬ್ಬಕ್ಕೆ ಬಂದಾಗ ಹೇಳಬೇಕೆಂದಿದ್ದೆ, ನೀನು ಕೇಳಲೇ ಇಲ್ಲ. ಅವತ್ತು ಮೂರನೇ ತಾರೀಖು ಅತ್ತೆ ಚೆನ್ನಿಯ ವಿಷಯ ಹೇಳಿ ಬರೆಸಿ, ಸಾಕು ಮಡಚು ಎಂದು ಎದ್ದು ಹೋದರು. ನಿನಗೆ ಸುಳ್ಳು ಬರೆದೆನಲ್ಲ ಎಂದು ನಾನು ಕಾಗದ ಮಡಚದೆ ಕುಳಿತೆ. ಆ ಕಾಗದದಲ್ಲಿ ಒಂದಾದರೂ ನಿಜ ಇರಲಿ ಎನ್ನಿಸಿತು. ಅಂಜಿನವ್ವ ಇಲ್ಲಿ ಸುಖವಾಗಿದ್ದಾಳೆ ಎಂಬ ಸಾಲು ಅತ್ತೆ ಹೇಳಿದ್ದಲ್ಲ. ಅದನ್ನು ನಾನೇ ಬರೆದೆ.